ಪೊರೆ ಆಪರೇಷನ್ ಆದ ಮೇಲೂ ನಂಬರ್ ಉಳಿದರೆ

ಪ್ರಶ್ನೆ: ನನಗೆ 64 ವರ್ಷ, ಊರು ದಾವಣಗೆರೆ. ಸಕ್ಕರೆ ಕಾಯಿಲೆ ಇದೆ. ಎರಡು ತಿಂಗಳ ಹಿಂದೆ ಬಲಗಣ್ಣಿನ ಪೊರೆ ತೆಗೆದು ಲೆನ್ಸ್ ಹಾಕಿದರು. ದೂರಕ್ಕೆ ಕನ್ನಡಕ ಬೇಕಾಗಲ್ಲ ಅಂದಿದ್ದರು. ಆದರೆ ಬಸ್ಸಿನ ಬೋರ್ಡ್ ಮಸುಕಾಗಿ ಕಾಣುತ್ತದೆ. ಪರೀಕ್ಷೆಯಲ್ಲಿ ಮೈನಸ್ 1.25, ಸಿಲಿಂಡರ್ (ಒಂದು ದಿಕ್ಕಿನಲ್ಲಿ ಮಾತ್ರ ಇರುವ ನಂಬರ್) ಮೈನಸ್ 0.50 ಬಂದಿದೆ. ತಪ್ಪು ಲೆನ್ಸ್ ಹಾಕಿದ್ದಾರಾ? ಲೇಸರ್ ಮಾಡಿಸಲಾ, ಲೆನ್ಸೇ ಬದಲಿಸಲಾ? ಎಡಗಣ್ಣಿನ ಆಪರೇಷನ್ ಇನ್ನೂ ಬಾಕಿ ಇದೆ.

ಉತ್ತರ: ಈ ನಂಬರ್ ಒಂದನ್ನೇ ನೋಡಿ ತಪ್ಪು ಲೆನ್ಸ್ ಅನ್ನಲಾಗದು. ಕಣ್ಣಿನ ಉದ್ದ ಮತ್ತು ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಬಾಗು ಅಳೆದು ಲೆನ್ಸಿನ ಪವರ್ ಲೆಕ್ಕ ಹಾಕುತ್ತಾರೆ. ಉದ್ದದಲ್ಲಿ 1 ಮಿಲಿಮೀಟರ್ ತಪ್ಪಿದರೆ ನಂಬರ್ ಎರಡೂವರೆಯಿಂದ ಮೂರರಷ್ಟು ಆಚೀಚೆ ಆಗುತ್ತದೆ. ಅಳತೆ ಸರಿ ಇದ್ದರೂ, ಗಾಯ ಮಾಗಿದ ಮೇಲೆ ಲೆನ್ಸ್ ಎಷ್ಟು ಮುಂದೆ ಅಥವಾ ಹಿಂದೆ ಕೂರುತ್ತದೆ ಅನ್ನುವುದು ಅಂದಾಜೇ. 1949ರಲ್ಲಿ ಲಂಡನ್ನಿನಲ್ಲಿ ಕಣ್ಣಿನ ಸರ್ಜನ್ ಹೆರಾಲ್ಡ್ ರಿಡ್ಲಿ ಕಣ್ಣೊಳಗೆ ಮೊದಲ ಕೃತಕ ಲೆನ್ಸ್ ಹಾಕಿದಾಗ ರೋಗಿಗೆ ಭಾರೀ ಮೈನಸ್ ನಂಬರ್ ಉಳಿದಿತ್ತು. ಈಗ ಹೆಚ್ಚಿನವರಿಗೆ ಅರ್ಧ ನಂಬರಿನ ಒಳಗೇ ಬರುತ್ತದೆ, ಎಲ್ಲರಿಗೂ ಅಲ್ಲ. ಹಾಗಾಗಿ 'ಕನ್ನಡಕ ಬೇಕಾಗಲ್ಲ' ಅಂತ ಮಾತು ಕೊಟ್ಟದ್ದು ನನಗೇನೂ ಸರಿ ಕಾಣುವುದಿಲ್ಲ. ಇನ್ನೊಂದು ವಿಷಯ: ಎಷ್ಟೋ ಸರ್ಜನ್‌ಗಳು ಬೇಕಂತಲೇ ಚೂರು ಮೈನಸ್ ಕಡೆಗೆ ಲೆಕ್ಕ ಇಡುತ್ತಾರೆ. ಪ್ಲಸ್ ಉಳಿದರೆ ದೂರವೂ ಮಸುಕು, ಹತ್ತಿರ ಇನ್ನೂ ಮಸುಕು.

ಮೊದಲು ತಿಳಿಯಬೇಕಾದ್ದು ಒಂದು. ಈ ನಂಬರಿನ ಗಾಜು ಹಾಕಿದಾಗ ಚಾರ್ಟಿನ ಕೊನೆಯ ಸಾಲುಗಳು ಸರಿಯಾಗಿ ಕಾಣುತ್ತವೆಯಾ? ಕಂಡರೆ ತೊಂದರೆ ನಂಬರಿನದಷ್ಟೇ. ಕಾಣದಿದ್ದರೆ ಬೇರೆ ಏನೋ ಇದೆ, ಲೇಸರ್‌ನಿಂದ ನಂಬರ್ ತೆಗೆದರೂ ಅದು ಹೋಗಲ್ಲ. ಕಣ್ಣು ಒಣಗಿರಬಹುದು, ಆಗ ನಂಬರ್ ಕೂಡ ದಿನಕ್ಕೊಂದು ಬರುತ್ತದೆ. ಲೆನ್ಸಿನ ಹಿಂದಿನ ಪದರ ಮಂಜಾಗಿರಬಹುದು. ನಿಮಗೆ ಸಕ್ಕರೆ ಕಾಯಿಲೆ ಇರುವುದರಿಂದ ರೆಟಿನಾದ (ಕಣ್ಣಿನ ಹಿಂಭಾಗದ ಪರದೆ) ನಡುಭಾಗ ಊದಿಕೊಂಡಿದೆಯಾ ಅಂತ ಓಸಿಟಿ ಸ್ಕ್ಯಾನ್ (ಬೆಳಕಿನಿಂದ ಆ ಪರದೆಯ ಪದರಗಳ ಚಿತ್ರ ತೆಗೆಯುವ ಪರೀಕ್ಷೆ) ಮಾಡಿಸಿ. ಇದನ್ನು ಮುಂದೂಡಬೇಡಿ.

ಎಲ್ಲ ಸರಿ ಇದ್ದು ನಂಬರ್ ಮಾತ್ರ ಉಳಿದಿದ್ದರೆ ಕನ್ನಡಕ ಸಾಕು. ಅದು ಬೇಡವೇ ಬೇಡ ಅಂದರೆ ಇಷ್ಟು ಸಣ್ಣ ನಂಬರಿಗೆ ಕಾರ್ನಿಯಾದ ಮೇಲಿನ ಲೇಸರ್, ಅಂದರೆ ಲ್ಯಾಸಿಕ್ ಅಥವಾ ಪಿಆರ್‌ಕೆ, ಹೆಚ್ಚು ನಿಖರ. ಆಪರೇಷನ್ ಆಗಿ ಮೂರು ತಿಂಗಳಾದರೂ ಕಾಯಬೇಕು. ಕಾರ್ನಿಯಾ ತೆಳ್ಳಗಿದ್ದರೆ ಅಥವಾ ಕಣ್ಣು ತುಂಬಾ ಒಣಗಿದ್ದರೆ ಬೇಡ.

ಲೆನ್ಸ್ ಬದಲಿಸುವುದು ದೊಡ್ಡ ತಪ್ಪಿಗೆ ಇರುವ ದಾರಿ, ನಿಮಗೆ ಬೇಕಿಲ್ಲ. ದಿನ ಕಳೆದಂತೆ ಲೆನ್ಸ್ ಸುತ್ತಲಿನ ಚೀಲಕ್ಕೆ ಅಂಟಿಕೊಳ್ಳುತ್ತದೆ. ಆಗ ತೆಗೆಯುವುದು ಕಷ್ಟ, ಅಪಾಯವೂ ಜಾಸ್ತಿ. ಲೆನ್ಸಿನ ಹಿಂದಿನ ಮಂಜಾದ ಪದರದಲ್ಲಿ ಕಿಂಡಿ ಮಾಡುವ ಯಾಗ್ ಎಂಬ ಬೇರೆ ಲೇಸರ್ ಹೊಡೆದ ಮೇಲಂತೂ ಇನ್ನೂ ಕಷ್ಟ. ಯಾರಿಗಾದರೂ ಲೆನ್ಸ್ ಬದಲಿಸುವ ಯೋಚನೆ ಇದ್ದರೆ ಯಾಗ್‌ಗೆ ಮುಂಚೆಯೇ ತೀರ್ಮಾನ ಮಾಡಬೇಕು. ಹಳೆಯದನ್ನು ಅಲ್ಲೇ ಬಿಟ್ಟು ಅದರ ಮುಂದೆ ಇನ್ನೊಂದು ತೆಳು ಲೆನ್ಸ್ ಕೂರಿಸುವ ದಾರಿಯೂ ಇದೆ. ಸಿಲಿಂಡರ್‌ಗಾಗಿ ಟೋರಿಕ್ ಲೆನ್ಸ್ ಹಾಕಿದವರ ಕತೆ ಬೇರೆ. ಅದು ತಿರುಗಿದರೆ ಪ್ರತಿ ಡಿಗ್ರಿಗೆ ಸುಮಾರು 3 ಶೇಕಡಾ ಪರಿಣಾಮ ಕಳೆದುಹೋಗುತ್ತದೆ. ಅದನ್ನು ಮೊದಲ ಕೆಲವು ವಾರಗಳಲ್ಲೇ ತಿರುಗಿಸಿ ಸರಿ ಮಾಡುವುದು ಸುಲಭ.

ಈಗ ಎಡಗಣ್ಣು. ಬಲಗಣ್ಣಿನ ಅಳತೆಯ ವರದಿ, ಲೆನ್ಸಿನ ಕಾರ್ಡ್, ಈಗಿನ ನಂಬರ್ ಮೂರನ್ನೂ ಸರ್ಜನ್‌ಗೆ ತೋರಿಸಿ. ಬಲಗಣ್ಣಿನ ಗುರಿ ಎಷ್ಟಿತ್ತು ಅಂತಲೂ ಕೇಳಿ. ಲೆಕ್ಕ ಎಷ್ಟು ತಪ್ಪಿತು ಅನ್ನುವುದು ಎಡಗಣ್ಣಿನ ಪವರ್ ಆರಿಸಲು ಸಹಾಯ ಮಾಡುತ್ತದೆ. ಎಡಗಣ್ಣಿನಲ್ಲಿ ದೂರ ಸ್ಪಷ್ಟವಾದರೆ ಬಲಗಣ್ಣನ್ನು ಹೀಗೇ ಬಿಡಬಹುದು. ಅದರಲ್ಲಿ ಈಗಲೂ ಕೈ ಚಾಚಿದಷ್ಟು ದೂರದ ಮೊಬೈಲ್, ಕಂಪ್ಯೂಟರ್ ಚೆನ್ನಾಗಿ ಕಾಣುತ್ತಿರಬೇಕು, ಅಲ್ವಾ? ರಾತ್ರಿ ಗಾಡಿ ಓಡಿಸುವಾಗ ಮಾತ್ರ ಕನ್ನಡಕ ಹಾಕಿಕೊಳ್ಳಿ. ಈ ಜೋಡಿ ಒಗ್ಗುತ್ತದೆಯೋ ಇಲ್ಲವೋ ನೋಡಿಕೊಂಡು ಆಮೇಲೆ ಲೇಸರ್ ವಿಷಯ ಯೋಚಿಸಿ.