ಲೆಕ್ಕದ ಪುಸ್ತಕಕ್ಕೆ ಸಿಗದ ಉಕ್ಕಿನ ತಂಡದವರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕನ್ ಫುಟ್‌ಬಾಲ್ ಆಟದ ನಿಯಮಗಳನ್ನು ಕುರಿತು ಈ ಅಂಕಣದಲ್ಲಿ ಬರೆದ ಬಳಿಕ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಬಗ್ಗೆಯೇ ಇವೆ. ಅದಿರು ಅಗೆಯುವ, ಉಕ್ಕು ಕರಗಿಸುವ ಸೀಮೆಯ ಜನರಿಗೆ ಉಕ್ಕಿನ ಹೆಸರನ್ನೇ ಇಟ್ಟುಕೊಂಡ ತಂಡ ಹತ್ತಿರವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ಈ ಸಲದ ಪುಟಗಳನ್ನು ಆ ತಂಡದ ಹಳೆಯ ಆಟಗಾರರಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಉಕ್ಕಿನ ಕಾರ್ಖಾನೆಯ ಬ್ಲಾಸ್ಟ್ ಫರ್ನೇಸ್ ವಿಭಾಗದಲ್ಲಿ ಕೆಲಸದಲ್ಲಿದ್ದೇನೆ. ಪಿಟ್ಸ್‌ಬರ್ಗ್‌ನಲ್ಲಿ ಓದುತ್ತಿರುವ ಮಗಳು ಊರಿಗೆ ಬಂದಾಗ ಸ್ಟೀಲರ್ಸ್ ತಂಡದ ಹಳದಿ ಟವೆಲ್ ತಂದುಕೊಟ್ಟಳು. ಅಂದಿನಿಂದ ಹಳೆಯ ಪಂದ್ಯಗಳನ್ನು ನೋಡುವ ಅಭ್ಯಾಸವಾಗಿದೆ. ಎಲ್ಲಿ ನೋಡಿದರೂ ಬ್ರಾಡ್‌ಶಾ, ಫ್ರಾಂಕೊ ಹ್ಯಾರಿಸ್, ಜೋ ಗ್ರೀನ್ ಎಂಬ ನಾಲ್ಕೈದು ಹೆಸರುಗಳೇ ಕೇಳಿಬರುತ್ತವೆ. ತಕ್ಕಷ್ಟು ಹೆಸರು ಬಾರದೆ ಹೋದವರು ಯಾರು? — ಓದುಗರೊಬ್ಬರು, ತೋರಣಗಲ್ಲು

ಉತ್ತರ: ತಮ್ಮ ಮನೆಗೆ ಬಂದಿರುವ ಟವೆಲ್ಲನ್ನು 1975ರಲ್ಲಿ ಬಳಕೆಗೆ ತಂದವರು ಆ ತಂಡದ ರೇಡಿಯೊ ವೀಕ್ಷಕ ವಿವರಣೆಗಾರ ಮೈರನ್ ಕೋಪ್, 1996ರಲ್ಲಿ ಅವರು ಅದರ ಹಕ್ಕನ್ನು ಬುದ್ಧಿಮಾಂದ್ಯರ ಆರೈಕೆಯ ಶಾಲೆಯೊಂದಕ್ಕೆ ಬಿಟ್ಟುಕೊಟ್ಟರು. ತಂಡದ ಹೆಲ್ಮೆಟ್ಟಿನ ಬಲಬದಿಯಲ್ಲಿ ಮಾತ್ರ ಇರುವ ಗುರುತನ್ನೂ ಒಮ್ಮೆ ಗಮನಿಸಿ ನೋಡಿ. ಅದರಲ್ಲಿರುವ ಮೂರು ನಕ್ಷತ್ರದಂಥ ಆಕೃತಿಗಳಲ್ಲಿ ಹಳದಿಯದು ಕಲ್ಲಿದ್ದಲನ್ನೂ ಕಿತ್ತಳೆಯದು ಅದಿರನ್ನೂ ನೀಲಿಯದು ಉಕ್ಕಿನ ಗುಜರಿಯನ್ನೂ ಸೂಚಿಸುತ್ತವೆ. ಅಂದರೆ ತಾವು ದಿನವೂ ಕುಲುಮೆಗೆ ತುಂಬುವ ಸರಕೇ ಅವರ ಆಟಗಾರರ ತಲೆಯ ಮೇಲಿದೆ.

ಆರ್ಟ್ ರೂನಿ ಅವರು 1933ರಲ್ಲಿ ಕಟ್ಟಿದ ಈ ತಂಡ ನಾಲ್ಕು ದಶಕಗಳ ಕಾಲ ಸೋಲಿಗೇ ಹೆಸರಾಗಿತ್ತು. ತರಬೇತುದಾರ ಚಕ್ ನೋಲ್ ಅವರು 1969ರಲ್ಲಿ ಬಂದ ಮೇಲೂ ಮೊದಲ ವರ್ಷ 14 ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಅಲ್ಲಿಂದ ಮೇಲೆದ್ದು 1974, 1975, 1978 ಮತ್ತು 1979ರ ಋತುಗಳಲ್ಲಿ ನಾಲ್ಕು ಸೂಪರ್ ಬೌಲ್‌ಗಳನ್ನು, ಅಂದರೆ ಋತು ಮುಗಿದು ಮರುವರ್ಷದ ಜನವರಿಯಲ್ಲಿ ನಡೆಯುತ್ತಿದ್ದ ಲೀಗಿನ ಫೈನಲ್‌ಗಳನ್ನು, ಗೆದ್ದಿತು. ಆ ಕಾಲದ 10 ಆಟಗಾರರು ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿರುವ ಹಾಲ್ ಆಫ್ ಫೇಮ್‌ನಲ್ಲಿ, ಅಂದರೆ ಈ ಆಟದ ಶ್ರೇಷ್ಠರ ಗೌರವ ಭವನದಲ್ಲಿ, ಇದ್ದಾರೆ. ಇಷ್ಟು ಜನಕ್ಕೆ ಗೌರವ ಸಂದ ಮೇಲೆ ಅದೇ ತಂಡದ ಇನ್ನೊಬ್ಬರ ಹೆಸರು ಮುಂದೆ ಬಂದಾಗ ‘ಇನ್ನೂ ಒಬ್ಬರೇ?’ ಎನ್ನುವ ಮನೋಭಾವ ಆಯ್ಕೆ ಮಾಡುವವರಲ್ಲಿ ಮೂಡಿತೆಂದೇ ನಾನು ನಂಬಿದ್ದೇನೆ. ಅದರಿಂದ ಹೆಚ್ಚು ನಷ್ಟವಾದದ್ದು ಎಲ್. ಸಿ. ಗ್ರೀನ್‌ವುಡ್ ಅವರಿಗೆ.

‘ಉಕ್ಕಿನ ಪರದೆ’ ಎಂದು ಪ್ರಸಿದ್ಧವಾದ ರಕ್ಷಣಾ ಸಾಲಿನಲ್ಲಿ ನಾಲ್ವರಿದ್ದರು: ಜೋ ಗ್ರೀನ್, ಎಲ್. ಸಿ. ಗ್ರೀನ್‌ವುಡ್, ಡ್ವೈಟ್ ವೈಟ್, ಅರ್ನಿ ಹೋಮ್ಸ್. 1975ರ ಡಿಸೆಂಬರ್‌ನಲ್ಲಿ ‘ಟೈಮ್’ ವಾರಪತ್ರಿಕೆಯ ಮುಖಪುಟದಲ್ಲಿ ನಾಲ್ವರೂ ಒಟ್ಟಿಗೆ ಕಾಣಿಸಿಕೊಂಡಿದ್ದರು; ಕ್ಯಾಂಟನ್‌ಗೆ ಹೋದವರು ಗ್ರೀನ್ ಒಬ್ಬರೇ. ಗ್ರೀನ್‌ವುಡ್ ಅವರು 6 ಅಡಿ 6 ಇಂಚು ಎತ್ತರದ, ಸಪೂರ ಮೈಕಟ್ಟಿನ, ಚಿನ್ನದ ಬಣ್ಣದ ಬೂಟು ಧರಿಸಿ ಆಡುತ್ತಿದ್ದ ಆಟಗಾರ. ಆ ಬೂಟು ಸಮವಸ್ತ್ರಕ್ಕೆ ಹೊಂದುವುದಿಲ್ಲವೆಂದು ಲೀಗ್ ಅವರಿಗೆ ದಂಡ ವಿಧಿಸುತ್ತಿತ್ತು, ಅವರು ಬೂಟು ಬದಲಿಸಲಿಲ್ಲ. ಕಾಲೇಜು ಆಟಗಾರರನ್ನು ತಂಡಗಳು ಸುತ್ತು ಸುತ್ತಾಗಿ ಆರಿಸಿಕೊಳ್ಳುವ 1969ರ ಆಯ್ಕೆಯಲ್ಲಿ ಅವರ ಸರದಿ ಬಂದದ್ದು 10ನೆಯ ಸುತ್ತಿನಲ್ಲಿ. ಆರು ಬಾರಿ ಪ್ರೊ ಬೌಲ್‌ಗೆ, ಅಂದರೆ ಆ ವರ್ಷದ ಶ್ರೇಷ್ಠರ ಪಂದ್ಯಕ್ಕೆ, ಆಯ್ಕೆಯಾದರು. ಹಾಲ್ ಆಫ್ ಫೇಮ್‌ನ ಅಂತಿಮ ಹಂತಕ್ಕೂ ಹಲವು ಬಾರಿ ತಲುಪಿ, ಪ್ರತಿ ಬಾರಿಯೂ ಹೊಸ್ತಿಲಿನಲ್ಲೇ ಉಳಿದು, 2013ರಲ್ಲಿ ತೀರಿಕೊಂಡರು. ಅವರು ಹುಟ್ಟಿದ್ದು ಮಿಸಿಸಿಪಿ ರಾಜ್ಯದ ಒಂದು ಊರಿನಲ್ಲಿ. ಆ ಊರಿನ ಹೆಸರೂ ಕ್ಯಾಂಟನ್ ಎಂದೇ. ಇದನ್ನು ಬರೆಯುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಪ್ರಶ್ನೆ: ಗ್ರೀನ್‌ವುಡ್ ಅವರನ್ನು ತಾವು ಹಿಂದೊಮ್ಮೆಯೂ ಹೊಗಳಿದ್ದೀರಿ. ಅಂಕಿ ಅಂಶಗಳನ್ನು ತೆರೆದು ನೋಡಿದರೆ ಅವರ ಸ್ಯಾಕ್‌ಗಳ ಅಧಿಕೃತ ಲೆಕ್ಕವೇ ಇಲ್ಲ. ಲೆಕ್ಕವಿಲ್ಲದವರನ್ನು ದೊಡ್ಡವರೆನ್ನುವುದು ಬರೀ ಅಭಿಮಾನವಲ್ಲವೇ? — ವಿದ್ಯಾರ್ಥಿ, ಸಿರುಗುಪ್ಪ

ಉತ್ತರ: ಒಳ್ಳೆಯ ಪ್ರಶ್ನೆ. ಚೆಂಡನ್ನು ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್, ಎಸೆಯುವ ಮೊದಲೇ ಎದುರಾಳಿಯ ಕೈಗೆ ಸಿಕ್ಕಿ ನೆಲಕ್ಕೆ ಬಿದ್ದರೆ ಅದು ಸ್ಯಾಕ್. ಇದನ್ನು ಆಟಗಾರರ ವೈಯಕ್ತಿಕ ಖಾತೆಗೆ ಲೀಗ್ ಅಧಿಕೃತವಾಗಿ ಬರೆದುಕೊಳ್ಳತೊಡಗಿದ್ದು 1982ರಲ್ಲಿ. ಗ್ರೀನ್‌ವುಡ್ ಅವರ ಕೊನೆಯ ಋತು 1981. ಗಾಡಿ ಹಾದುಹೋದ ಮೇಲೆ ತೂಕದ ಸೇತುವೆ ಕಟ್ಟಿ, ಆ ಗಾಡಿಯಲ್ಲಿ ಅದಿರೇ ಇರಲಿಲ್ಲವೆಂದರೆ ನಮ್ಮ ಸಂಡೂರಿನ ಲಾರಿ ಚಾಲಕರು ಒಪ್ಪುವರೇ?

1976ರ ಜನವರಿ 18ರಂದು ಮಯಾಮಿಯಲ್ಲಿ ನಡೆದ 10ನೆಯ ಸೂಪರ್ ಬೌಲ್‌ನ ಚಿತ್ರಣ ಇಂದಿಗೂ ಸಿಗುತ್ತದೆ, ದಯವಿಟ್ಟು ನೋಡಿ. ಡಲ್ಲಾಸ್ ತಂಡದ ರೋಜರ್ ಸ್ಟಾಬಾಕ್ ಅವರನ್ನು ಗ್ರೀನ್‌ವುಡ್ ಒಬ್ಬರೇ ನಾಲ್ಕು ಬಾರಿ ಕೆಡವಿದರು. ಪಿಟ್ಸ್‌ಬರ್ಗ್ 21–17ರಿಂದ ಗೆದ್ದಿತು. ಸೂಪರ್ ಬೌಲ್ ಪಂದ್ಯವೊಂದರಲ್ಲಿ ಒಬ್ಬರ ಅಧಿಕೃತ ಸ್ಯಾಕ್ ದಾಖಲೆ ಇರುವುದು 3. ನಾಲ್ಕನ್ನು ಎಲ್ಲರೂ ಕಣ್ಣಾರೆ ಕಂಡಿದ್ದರೂ ದಾಖಲೆಯ ಪುಟದಲ್ಲಿ ಮೂರೇ ಹೆಚ್ಚಿನದಾಗಿ ಉಳಿದಿದೆ. ಅಂದು ಪಂದ್ಯಶ್ರೇಷ್ಠ ಪ್ರಶಸ್ತಿ ಸಂದದ್ದು 4 ಕ್ಯಾಚ್‌ಗಳಲ್ಲಿ 161 ಗಜ ಗಳಿಸಿದ ಲಿನ್ ಸ್ವಾನ್ ಅವರಿಗೆ. ಅವರ ಕ್ಯಾಚ್‌ಗಳು ಅದ್ಭುತವಾಗಿದ್ದವು ಎಂಬುದರಲ್ಲಿ ಎರಡು ಮಾತಿಲ್ಲ.

ಅದಕ್ಕೂ ಹಿಂದಿನ ವರ್ಷದ ಫೈನಲ್ ಡ್ವೈಟ್ ವೈಟ್ ಅವರದು ಎಂದು ನಾನು ಭಾವಿಸುತ್ತೇನೆ. 1975ರ ಜನವರಿ 12ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಮಿನ್ನೆಸೋಟಾ ವಿರುದ್ಧ 9ನೆಯ ಸೂಪರ್ ಬೌಲ್ ನಡೆಯಿತು. ಆ ವಾರವಿಡೀ ವೈಟ್ ನ್ಯುಮೋನಿಯಾ ಹಿಡಿದು ಆಸ್ಪತ್ರೆಯಲ್ಲಿದ್ದರು, ಸುಮಾರು 8 ಕಿಲೊ ಇಳಿದುಹೋಗಿದ್ದರು, ಆಡುವ ಮಾತೇ ಇರಲಿಲ್ಲ. ಪಂದ್ಯದ ದಿನ ಎದ್ದು ಬಂದು ಸಮವಸ್ತ್ರ ಹಾಕಿಕೊಂಡರು. ಎರಡನೆಯ ಕ್ವಾರ್ಟರ್‌ನಲ್ಲಿ ಮಿನ್ನೆಸೋಟಾದ ಫ್ರಾನ್ ಟಾರ್ಕೆಂಟನ್ ಕೈಯಿಂದ ಚೆಂಡು ಜಾರಿ ಅವರದೇ ಗೋಲಿನ ವಲಯಕ್ಕೆ ಉರುಳಿತು; ಅವರು ಅದರ ಮೇಲೆ ಬಿದ್ದು ಹಿಡಿದುಕೊಳ್ಳುವಷ್ಟರಲ್ಲಿ ವೈಟ್ ಬಂದು ಅವರನ್ನು ಅಲ್ಲೇ ಒತ್ತಿಹಿಡಿದರು. ಅದಕ್ಕೆ ದಕ್ಕಿದ ಎರಡು ಅಂಕಗಳೇ ಮೊದಲಾರ್ಧದ ಒಟ್ಟು ಗಳಿಕೆ: 2–0. ಸೂಪರ್ ಬೌಲ್ ಇತಿಹಾಸದಲ್ಲಿ ಆ ಬಗೆಯ ಅಂಕ ಬಂದದ್ದು ಅದೇ ಮೊದಲು. ಇಡೀ ಪಂದ್ಯದಲ್ಲಿ ಮಿನ್ನೆಸೋಟಾ ತಂಡ ಓಡಿ ಗಳಿಸಿದ್ದು ಕೇವಲ 17 ಗಜ. ಟಾರ್ಕೆಂಟನ್ ಎಸೆದ ಮೂರು ಚೆಂಡುಗಳನ್ನು ಗ್ರೀನ್‌ವುಡ್ ತಮ್ಮ ಉದ್ದ ಕೈಗಳಿಂದ ಗಾಳಿಯಲ್ಲೇ ಹೊಡೆದುಹಾಕಿದರು. ಅಭಿಮಾನ ನನಗಿದೆ, ಮುಚ್ಚಿಡುವುದಿಲ್ಲ. ಆದರೆ ಮೇಲಿನ ಯಾವ ಸಂಗತಿಯೂ ಅಭಿಮಾನದಿಂದ ಹುಟ್ಟಿದ್ದಲ್ಲ.

ಪ್ರಶ್ನೆ: ನಾನು ಹುಡುಗರಿಗೆ ಕಬಡ್ಡಿ ಕಲಿಸುತ್ತೇನೆ. ನಮ್ಮಲ್ಲಿ ಮೂಲೆಯವನು ಕಾಲು ಹಿಡಿದರೆ ಕವರ್‌ನವನು ನುಗ್ಗಿ ರೈಡರ್‌ನನ್ನು ಹೊರಕ್ಕೆ ತಳ್ಳುತ್ತಾನೆ, ಚಪ್ಪಾಳೆ ಒಬ್ಬನಿಗೇ ಬೀಳುತ್ತದೆ. ಸ್ಟೀಲರ್ಸ್ ತಂಡದಲ್ಲಿ ಹೀಗೆ ಹಿಡಿದುಕೊಟ್ಟು ಮರೆಯಲ್ಲೇ ಉಳಿದವರಿದ್ದಾರೆಯೇ? — ತರಬೇತುದಾರರು, ಗಂಗಾವತಿ

ಉತ್ತರ: ಇದ್ದಾರೆ. ಅವರ ಹೆಸರು ಕೇಸಿ ಹ್ಯಾಂಪ್ಟನ್. 2001ರಿಂದ 2012ರವರೆಗೆ ಇದೊಂದೇ ತಂಡಕ್ಕೆ ಆಡಿದ ನೋಸ್ ಟ್ಯಾಕಲ್, ಅಂದರೆ ರಕ್ಷಣಾ ಸಾಲಿನ ನಟ್ಟನಡುವೆ, ಚೆಂಡಿಗೆ ನೇರ ಎದುರು ನಿಲ್ಲುವವರು. ತೂಕ ಸುಮಾರು 147 ಕಿಲೊ. ಹನ್ನೆರಡು ಋತುಗಳಲ್ಲಿ ಅವರ ಹೆಸರಿಗಿರುವ ಸ್ಯಾಕ್‌ಗಳು 9. ಹೊರಗಿನವರು ಈ ಅಂಕಿಯನ್ನು ನೋಡಿ ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ.

ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು ಅವರ ಮೇಲೆಯೇ ಕಣ್ಣಿಡಬೇಕು. ಒಂದು ಕೈ ಹುಲ್ಲಿಗೆ ಊರಿ, ಸೊಂಟ ತಗ್ಗಿಸಿ ಕುಳಿತಿರುತ್ತಾರೆ. ಚೆಂಡು ಕದಲಿದ ಕೂಡಲೇ ಎದುರಿನ ಇಬ್ಬರು ಅವರ ಎರಡೂ ಭುಜಗಳಿಗೆ ಬಂದು ಡಿಕ್ಕಿ ಹೊಡೆಯುತ್ತಾರೆ. ಹ್ಯಾಂಪ್ಟನ್ ಮುಂದಕ್ಕೆ ಹೋಗುವುದಿಲ್ಲ, ಹಿಂದಕ್ಕೂ ಸರಿಯುವುದಿಲ್ಲ. ಪಾದಗಳು ಅಲ್ಲಲ್ಲೇ ಹೆಜ್ಜೆ ಬದಲಿಸುತ್ತಿರುತ್ತವೆ. ಮೂರು ಜನರ ಈ ಗುಡ್ಡ ಕದಲದೆ ನಿಂತಿರುವಾಗ ಅದರ ಪಕ್ಕದಿಂದ ಹಿಂದಿನ ಲೈನ್‌ಬ್ಯಾಕರ್ ತಡೆಯುವವರೇ ಇಲ್ಲದೆ ನುಗ್ಗಿ ಓಡುವವನನ್ನು ಹಿಡಿಯುತ್ತಾರೆ, ಕ್ಯಾಮೆರಾ ಅವರತ್ತ ತಿರುಗುತ್ತದೆ. ಎದುರಾಳಿಗಳ 11 ಮಂದಿಯಲ್ಲಿ ಇಬ್ಬರನ್ನು ಒಬ್ಬರೇ ಕಟ್ಟಿಹಾಕಿದರೆ ಉಳಿದ ಮೈದಾನದಲ್ಲಿ ಒಬ್ಬ ನಮ್ಮವನು ಹೆಚ್ಚಾದ ಹಾಗೆ. ಆ ಲೆಕ್ಕ ತಮಗೆ ನಾನು ಹೇಳಬೇಕಾಗಿಲ್ಲ. ತೋರಣಗಲ್ಲಿನ ಓದುಗರಿಗಾಗಿ ಇನ್ನೊಂದು ಮಾತು: ಕುಲುಮೆಯೊಳಗೆ ಅದಿರಿನ ಭಾರವನ್ನೆಲ್ಲ ಹೊತ್ತು ಬಿಸಿಗಾಳಿಗೆ ದಾರಿ ಬಿಡುವ ಕೋಕ್ ಮಾಡುವ ಕೆಲಸವೂ ಇದೇ ಅಲ್ಲವೇ?

ಅವರ ಎಡಕ್ಕೆ ನಿಲ್ಲುತ್ತಿದ್ದ ಆರನ್ ಸ್ಮಿತ್ ಅವರನ್ನಂತೂ ಜನ ಇನ್ನೂ ಕಡಿಮೆ ಬಲ್ಲರು. ನಾರ್ದರ್ನ್ ಕೊಲರಾಡೊ ಎಂಬ ಹೆಸರುವಾಸಿಯಲ್ಲದ ಕಾಲೇಜಿನಿಂದ 1999ರಲ್ಲಿ ನಾಲ್ಕನೆಯ ಸುತ್ತಿನಲ್ಲಿ ಬಂದು 13 ಋತುಗಳ ಕಾಲ ಇದ್ದರು. ಪ್ರೊ ಬೌಲ್‌ಗೆ ಆಯ್ಕೆಯಾದದ್ದು ಒಂದೇ ಬಾರಿ. ಹ್ಯಾಂಪ್ಟನ್ ಅವರಿಗೆ ಐದು ಬಾರಿಯಾದರೂ ಆ ಮನ್ನಣೆ ಸಿಕ್ಕಿತು. ಇಬ್ಬರೂ 2005 ಮತ್ತು 2008ರ ಋತುಗಳ ಸೂಪರ್ ಬೌಲ್ ವಿಜೇತ ತಂಡಗಳಲ್ಲಿದ್ದರು. 2008ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ ಜೇಮ್ಸ್ ಹ್ಯಾರಿಸನ್ ಅವರಿಗೂ 2010ರಲ್ಲಿ ಟ್ರಾಯ್ ಪೊಲಮಾಲು ಅವರಿಗೂ ಬಂತು. ಅದೇ 2010ರಲ್ಲಿ ಈ ತಂಡದ ವಿರುದ್ಧ ಎದುರಾಳಿಗಳು ಓಡಿ ಗಳಿಸಿದ್ದು ಪಂದ್ಯಕ್ಕೆ ಸರಾಸರಿ 62.8 ಗಜ ಮಾತ್ರ. ಈ ಅಂಕಿಯನ್ನು ಓದುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಹುಲ್ಲಿಗೆ ಊರಿದ ಹ್ಯಾಂಪ್ಟನ್ ಅವರ ಕೈ.

ಪ್ರಶ್ನೆ: ಆ ತಂಡಕ್ಕೆ ಅಮೆರಿಕದ ಹೊರಗೆ ಹುಟ್ಟಿದವರು ಯಾರಾದರೂ ಆಡಿ ಹೆಸರು ಮಾಡಿದ್ದಾರೆಯೇ? — ಓದುಗರೊಬ್ಬರು, ಕೊಪ್ಪಳ

ಉತ್ತರ: ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗ್ಯಾರಿ ಆಂಡರ್ಸನ್. 1982ರಿಂದ 1994ರವರೆಗೆ ತಂಡದ ಕಿಕ್ಕರ್, ಅಂದರೆ ಚೆಂಡನ್ನು ಒದ್ದು ಅಂಕ ಗಳಿಸುವವರು, ಆಗಿದ್ದು 1,343 ಅಂಕ ಗಳಿಸಿದರು. ತಂಡದ ಇತಿಹಾಸದಲ್ಲಿ ಅಷ್ಟು ಅಂಕ ಗಳಿಸಿದವರು ಮತ್ತೊಬ್ಬರಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕ. ನಮ್ಮ ಭಾಗದ ಮಕ್ಕಳಲ್ಲಿ ಕಸುವು ಇದ್ದರೂ ಆಯ್ಕೆದಾರರು ಇತ್ತ ಬರುವುದೇ ಇಲ್ಲ. ಗ್ರೀನ್‌ವುಡ್ ಅವರಂಥವರು 10ನೆಯ ಸುತ್ತಿನವರೆಗೆ ಕಾಯಬೇಕಾದದ್ದು ಏಕೆ? — ಶಿಕ್ಷಕರು, ಲಿಂಗಸೂಗೂರು

ಉತ್ತರ: ಕಾರಣ ತಾವು ಹೇಳಿದ್ದೇ. ಗ್ರೀನ್‌ವುಡ್ ಓದಿದ್ದು ಅರ್ಕನ್ಸಾ ರಾಜ್ಯದ ಕಪ್ಪುಜನರ ಕಾಲೇಜಿನಲ್ಲಿ. ಅಂಥ ಕಾಲೇಜುಗಳ ಕಡೆ ಬಹಳಷ್ಟು ತಂಡಗಳ ಆಯ್ಕೆದಾರರು ಕಾಲಿಡುತ್ತಿದ್ದುದೇ ಅಪರೂಪ. ಇದನ್ನು ಬದಲಿಸಿದವರು ಬಿಲ್ ನನ್, ಮೈದಾನದಲ್ಲಿ ಒಂದು ಪಂದ್ಯವನ್ನೂ ಸ್ಟೀಲರ್ಸ್‌ಗಾಗಿ ಆಡದ ಪತ್ರಕರ್ತರು. ಅವರು ‘ಪಿಟ್ಸ್‌ಬರ್ಗ್ ಕೊರಿಯರ್’ ಎಂಬ ಕಪ್ಪುಜನರ ಪತ್ರಿಕೆಯಲ್ಲಿ ಪ್ರತಿವರ್ಷ ಆ ಕಾಲೇಜುಗಳ ಶ್ರೇಷ್ಠ ಆಟಗಾರರ ಪಟ್ಟಿಯನ್ನು ಪ್ರಕಟಿಸುತ್ತಿದ್ದರು. ಸ್ಟೀಲರ್ಸ್‌ನವರು ಈ ಹುಡುಗರತ್ತ ತಿರುಗಿಯೂ ನೋಡುವುದಿಲ್ಲವೆಂಬ ಅವರ ಅಸಮಾಧಾನ ಕಿವಿಗೆ ಬಿದ್ದಾಗ ಆರ್ಟ್ ರೂನಿ ಅವರ ಮಗ ಡ್ಯಾನ್ ರೂನಿ ಅವರು ನನ್ ಅವರನ್ನೇ ಕರೆದು ತಂಡದ ಆಯ್ಕೆ ವಿಭಾಗಕ್ಕೆ ಸೇರಿಸಿಕೊಂಡರು.

ಅಲಬಾಮಾದ ಜಾನ್ ಸ್ಟಾಲ್‌ವರ್ತ್ ಅವರ ವೇಗವನ್ನು ಅಳೆಯಲು ಹಲವು ತಂಡಗಳವರು ಒಟ್ಟಿಗೆ ಹೋಗಿದ್ದ ಪ್ರಸಂಗ ಪ್ರಸಿದ್ಧವಾಗಿದೆ. ನೆಲ ಒದ್ದೆಯಾಗಿತ್ತು, ಹುಡುಗ ನಿಧಾನವಾಗಿ ಓಡಿದ. ಉಳಿದವರು ಸಮಯ ಬರೆದುಕೊಂಡು ಹೊರಟರು. ನನ್ ಮೈ ಹುಷಾರಿಲ್ಲವೆಂದು ಹೇಳಿ ಅಲ್ಲೇ ಉಳಿದು, ಮರುದಿನ ಒಣನೆಲದಲ್ಲಿ ಇನ್ನೊಮ್ಮೆ ಓಡಿಸಿ ನೋಡಿದರು. 1974ರಲ್ಲಿ ಸ್ಟಾಲ್‌ವರ್ತ್ ಅವರನ್ನು ಸ್ಟೀಲರ್ಸ್ ನಾಲ್ಕನೆಯ ಸುತ್ತಿನಲ್ಲಿ ಪಡೆದುಕೊಂಡಿತು. ಅದೇ ವರ್ಷ 17 ಸುತ್ತುಗಳಲ್ಲಿ ಎಲ್ಲ ತಂಡಗಳೂ ಸೇರಿ 442 ಆಟಗಾರರನ್ನು ಆರಿಸಿಕೊಂಡವು; ಸೌತ್ ಕ್ಯಾರೊಲಿನಾ ಸ್ಟೇಟ್‌ನ ಡಾನಿ ಶೆಲ್ ಆ 442ರಲ್ಲಿ ಇರಲಿಲ್ಲ. ಆಮೇಲೆ ಸುಮ್ಮನೆ ಕರೆದು ಸೇರಿಸಿಕೊಂಡ ಈ ಹುಡುಗ 14 ಋತುಗಳಲ್ಲಿ ಎದುರಾಳಿಗಳ 51 ಎಸೆತಗಳನ್ನು ನಡುವೆಯೇ ಕಸಿದುಕೊಂಡರು. 1987ರಲ್ಲಿ ನಿವೃತ್ತರಾದ ಅವರ ಹೆಸರು ಹಾಲ್ ಆಫ್ ಫೇಮ್‌ನ ಪಟ್ಟಿಗೆ ಬಂದದ್ದು 2020ರಲ್ಲಿ. ನನ್ ಅವರಿಗೆ ಆ ಗೌರವ 2021ರಲ್ಲಿ ಬಂದಾಗ ಅವರು ತೀರಿಕೊಂಡು ಏಳು ವರ್ಷವಾಗಿತ್ತು. ಶಿಕ್ಷಕರೇ, ತಮ್ಮ ಮಕ್ಕಳ ಓಟದ ಸಮಯವನ್ನು ಒಣನೆಲದಲ್ಲಿ ತಾವೇ ಅಳೆದು ಬರೆದಿಡಿ, ದಿನಾಂಕ ಹಾಕಿಡಿ.

ಪ್ರಶ್ನೆ: ಎಲ್ಲರನ್ನೂ ಬಿಟ್ಟು ಒಬ್ಬರನ್ನೇ ಹೆಸರಿಸಿ ಎಂದರೆ ಯಾರನ್ನು ಹೆಸರಿಸುತ್ತೀರಿ? — ಗೃಹಿಣಿ, ರಾಯಚೂರು

ಉತ್ತರ: ತಾಯಿ, ಗ್ರೀನ್‌ವುಡ್ ಎಂದು ಹೇಳಬೇಕಾಗಿತ್ತು, ಅವರ ಪರವಾಗಿ ಮಾತಾಡುವವರು ಹಲವರಿದ್ದಾರೆ. ಆದ್ದರಿಂದ ಲ್ಯಾರಿ ಬ್ರೌನ್ ಎನ್ನುತ್ತೇನೆ. 1971ರಲ್ಲಿ ಐದನೆಯ ಸುತ್ತಿನಲ್ಲಿ ಬಂದ ಇವರು ಮೊದಲು ಟೈಟ್ ಎಂಡ್ ಆಗಿದ್ದರು, ಅಂದರೆ ಚೆಂಡು ಹಿಡಿಯುವ ಹಕ್ಕಿದ್ದವರು. ನಾನು ಮೇಲೆ ಹೇಳಿದ 9ನೆಯ ಸೂಪರ್ ಬೌಲ್‌ನ ಕೊನೆಯ ಕ್ವಾರ್ಟರ್‌ನಲ್ಲಿ ಮಿನ್ನೆಸೋಟಾ ಅಂತರವನ್ನು 9–6ಕ್ಕೆ ಇಳಿಸಿ ಬೆನ್ನಟ್ಟಿ ಬಂದಾಗ, ಬ್ರಾಡ್‌ಶಾ ಎಸೆದ ನಾಲ್ಕು ಗಜದ ಚೆಂಡನ್ನು ಹಿಡಿದು ಪಂದ್ಯವನ್ನು 16–6ಕ್ಕೆ ಮುಗಿಸಿದವರು ಇವರೇ. ತಂಡಕ್ಕೆ ಮೊದಲ ಪ್ರಶಸ್ತಿ ದೊರೆತದ್ದು ಅಂದು.

ಅಂಥ ಕ್ಯಾಚ್ ಹಿಡಿದವರನ್ನು 1977ರಲ್ಲಿ ನೋಲ್ ಅವರು ಬಲಬದಿಯ ಟ್ಯಾಕಲ್ ಆಗಿ ನಿಲ್ಲಿಸಿದರು. ಆ ಜಾಗದಲ್ಲಿರುವವರು ಎದುರಾಳಿಯನ್ನು ತಡೆಯಬೇಕೇ ಹೊರತು, ಸಾಮಾನ್ಯವಾಗಿ ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವಂತಿಲ್ಲ. ಬ್ರೌನ್ ಅವರ ಅಂಗಿಯ ಸಂಖ್ಯೆಯೂ 87ರಿಂದ 79ಕ್ಕೆ ಬದಲಾಯಿತು. ಆ ಜಾಗದಲ್ಲಿ ನಿಂತು 1984ರವರೆಗೆ ಆಡಿದರು, 1982ರಲ್ಲಿ ಒಮ್ಮೆ ಪ್ರೊ ಬೌಲ್‌ಗೆ ಹೋದರು. 1980ರ ಜನವರಿಯಲ್ಲಿ ಪ್ಯಾಸಡೀನಾದಲ್ಲಿ ಲಾಸ್ ಏಂಜಲೀಸ್ ವಿರುದ್ಧ 31–19ರಿಂದ ಗೆದ್ದ ಫೈನಲ್‌ನ ಚಿತ್ರಣ ತಮಗೆ ಸಿಕ್ಕರೆ, ಬ್ರಾಡ್‌ಶಾ ಚೆಂಡು ಹಿಡಿದು ಹಿಂದಕ್ಕೆ ಹೆಜ್ಜೆ ಇಡುವಾಗ ಅವರನ್ನು ನೋಡದೆ ಸಾಲಿನ ಬಲಬದಿಯ 79ನ್ನು ನೋಡಿ.