ಅವ್ವನಿಗೆ ಜ್ವರ ಇಲ್ಲ, ಎರಡು ದಿನದಿಂದ ಏನೇನೋ ಮಾತಾಡುತ್ತಿದ್ದಾರೆ. ಇದು ಅರಳು ಮರಳಾ?

ಅವ್ವನಿಗೆ 76 ವರ್ಷ, ಶುಗರ್ ಇದೆ, ರೋಣದ ಹತ್ತಿರದ ಹಳ್ಳಿ ಅಂತ ಬರೆದಿದ್ದೀರಿ. ಎರಡು ದಿನದಿಂದ ರೊಟ್ಟಿ ಮುಟ್ಟಿಲ್ಲ, ತೀರಿಹೋದ ತಮ್ಮನನ್ನು ಕರೆಯುತ್ತಾರೆ. ಥರ್ಮಾಮೀಟರ್ 99 ತೋರಿಸುತ್ತಿದೆ. ಮನೆಯವರು ವಯಸ್ಸಾಯ್ತು, ಅರಳು ಮರಳು ಅನ್ನುತ್ತಿದ್ದಾರೆ. ದವಾಖಾನೆಗೆ ತೋರಿಸಬೇಕಾ ಅನ್ನುವುದು ನಿಮ್ಮ ಪ್ರಶ್ನೆ.

ತೋರಿಸಿ. ಇವತ್ತೇ.

ಅರಳು ಮರಳು ಎರಡು ದಿನದಲ್ಲಿ ಬರುವುದಿಲ್ಲ. ಮರೆವು ವರ್ಷಗಟ್ಟಲೆ ಮೆಲ್ಲಗೆ ಹತ್ತುತ್ತದೆ. ಮೊನ್ನೆ ತನಕ ಕಾಳು ಹಸನು ಮಾಡುತ್ತಾ ಮೊಮ್ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದವರಿಗೆ ಇವತ್ತು ಗುರುತು ಸಿಗುತ್ತಿಲ್ಲ ಅಂದರೆ ಮೈಯೊಳಗೆ ಏನೋ ಕೆಟ್ಟಿದೆ. ಎಷ್ಟೋ ಸಲ ಅದು ಸೋಂಕು.

ನಾನು ಹುಬ್ಬಳ್ಳಿಯಲ್ಲಿ ನರ್ಸ್. ವಯಸ್ಸಾದವರ ಸೋಂಕು ನೋಡಿಕೊಳ್ಳುವುದೇ ನನ್ನ ಕೆಲಸ. ಅಮೆರಿಕದಲ್ಲಿ ಇದಕ್ಕೆ ನರ್ಸ್ ಪ್ರಾಕ್ಟೀಷನರ್ ಅಂತ ಇರುತ್ತಾರೆ, ಅವರು ತಾವೇ ಪರೀಕ್ಷೆ ಮಾಡಿ ಔಷಧಿ ಬರೆಯುತ್ತಾರೆ. ನಾನು ಬರೆಯುವಂತಿಲ್ಲ, ಅದು ಡಾಕ್ಟರ್ ಕೆಲಸ. ಆದರೆ ಹಾಸಿಗೆ ಪಕ್ಕ ಜಾಸ್ತಿ ಹೊತ್ತು ಇರುವವರು ನಾವು. ಬದಲಾವಣೆ ಮೊದಲು ನಮ್ಮ ಕಣ್ಣಿಗೇ ಬೀಳುತ್ತದೆ. ಮನೆಯಲ್ಲಿ ನಿಮ್ಮ ಕಣ್ಣಿಗೆ ಬಿದ್ದ ಹಾಗೆ.

ವಯಸ್ಸಾದಂತೆ ಮೈಗೆ ಜ್ವರ ಏರಿಸುವ ಶಕ್ತಿ ಕಡಿಮೆಯಾಗುತ್ತದೆ. ಎಷ್ಟೋ ಅಜ್ಜಿಯರ ಮೈಬಿಸಿ ದಿನಾ 97ರ ಆಸುಪಾಸು ಇರುತ್ತದೆ. ಅಂಥವರಿಗೆ 99 ಅಂದರೆ ಎರಡು ಡಿಗ್ರಿ ಏರಿದ ಹಾಗೆ. ಅದು ಜ್ವರವೇ. ನ್ಯುಮೋನಿಯಾ ಇದ್ದರೂ ಕೆಮ್ಮು ಇಲ್ಲದಿರಬಹುದು, ಮೂತ್ರದ ಸೋಂಕು ಇದ್ದರೂ ಉರಿ ಅನ್ನದಿರಬಹುದು. ಊಟ ಬಿಡುತ್ತಾರೆ, ಬೀಳುತ್ತಾರೆ, ಬಡಬಡಿಸುತ್ತಾರೆ. ಕೆಲವರು ಬಡಬಡಿಸುವುದೂ ಇಲ್ಲ, ಸುಮ್ನೆ ಮಲಗಿಬಿಡುತ್ತಾರೆ. ಅವರ ಬಗ್ಗೆಯೇ ನನಗೆ ಜಾಸ್ತಿ ಹೆದರಿಕೆ, ಯಾಕೆಂದರೆ ಪಾಪ ಮಲಗಲಿ ಬಿಡು ಅಂತ ಯಾರೂ ಎಬ್ಬಿಸುವುದಿಲ್ಲ.

ಅಣ್ಣಿಗೇರಿಯ ನಮ್ಮ ದೊಡ್ಡವ್ವನಿಗೆ ಹೀಗೇ ಆಯಿತು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಫೋನಿನಲ್ಲಿ ಕೇಳಿ, ಜ್ವರ ಇಲ್ಲ ಅಂದರೆ ನಾಳೆ ನೋಡೋಣ ಅಂದೆ. ಮೂರನೇ ದಿನ ದಮ್ಮು ಹತ್ತಿತು. ಎರಡೂ ಕಡೆ ನ್ಯುಮೋನಿಯಾ. ಬದುಕಿದರು, ಆದರೆ ಆಮೇಲೆ ಕೋಲಿಲ್ಲದೆ ನಡೆಯಲಿಲ್ಲ. ಆ "ನಾಳೆ" ನನಗೆ ಇವತ್ತಿಗೂ ಚುಚ್ಚುತ್ತದೆ. ನೀವು ಕಾಯಬೇಡಿ.

ಹೊರಡುವ ಮೊದಲು ಎರಡು ನಿಮಿಷ. ಮನೆಯಲ್ಲಿ ಶುಗರ್ ನೋಡುವ ಮಷಿನ್ ಇದ್ದರೆ ನೋಡಿ. ಊಟ ಬಿಟ್ಟು ಗುಳಿಗೆ ಮಾತ್ರ ನುಂಗಿದ್ದರೆ ಶುಗರ್ ಇಳಿದಿರಬಹುದು, ಅದರಿಂದಲೂ ಮಾತು ತಪ್ಪುತ್ತದೆ. 70ಕ್ಕಿಂತ ಕಡಿಮೆ ಇದ್ದು, ಎಚ್ಚರವಾಗಿ ನುಂಗುತ್ತಿದ್ದರೆ ಸಕ್ಕರೆ ನೀರು ಕೊಡಿ. ಮಂಪರಿನಲ್ಲಿದ್ದರೆ ಬಾಯಿಗೆ ಏನೂ ಹಾಕಬೇಡಿ. ಆಮೇಲೆ ಅವ್ವನಿಗೆ ಹೇಳದೆ, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 25 ದಾಟಿದರೆ, ಬಾಯಿ ಒಂದು ಕಡೆ ವಾಲಿದ್ದರೆ, ಒಂದು ಕೈಯಲ್ಲಿ ಶಕ್ತಿ ಇಲ್ಲದಿದ್ದರೆ, ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಿ. ಬಾಯಿ, ಕೈ ಅಂದದ್ದು ಲಕ್ವಾದ ಗುರುತು.

ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ಕೊಡಬೇಡಿ, ಕೈ ಮುಗಿದು ಕೇಳುತ್ತೇನೆ. ಮೂತ್ರವನ್ನು ಕಲ್ಚರ್‌ಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆಗೆ, ಕೊಡುವುದು ಮೊದಲ ಡೋಸಿಗಿಂತ ಮುಂಚೆಯೇ ಆಗಬೇಕು. ರಿಪೋರ್ಟ್ ಬರಲು ಎರಡು ಮೂರು ದಿನ ಹಿಡಿಯುತ್ತದೆ. ಇನ್ನೊಂದು ಮಾತು: ಈ ವಯಸ್ಸಿನ ಹೆಂಗಸರಲ್ಲಿ ಕಾಯಿಲೆ ಇಲ್ಲದಿದ್ದರೂ ಎಷ್ಟೋ ಸಲ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣುತ್ತದೆ. ರಿಪೋರ್ಟ್ ನೋಡಿ ಇದೇ ಕಾರಣ ಅಂತ ಅಲ್ಲಿಗೇ ನಿಲ್ಲುವ ಹಾಗಿಲ್ಲ. ಎದೆ, ರಕ್ತದ ಸೋಡಿಯಂ (ಉಪ್ಪಿನಂಶ), ಕಾಲಿನ ಗಾಯ ಎಲ್ಲ ನೋಡಿದ್ದೀರಾ ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ, ಅಲ್ವಾ? ಅವ್ವ ತೆಗೆದುಕೊಳ್ಳುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ನಿದ್ದೆ ಗುಳಿಗೆ ಇದ್ದರೆ ಅದನ್ನೂ.

ಔಷಧಿ ಶುರುವಾದ ಮರುದಿನವೇ ಮಾತು ಸರಿಯಾಗುತ್ತದೆ ಅಂತ ಅಂದುಕೊಳ್ಳಬೇಡಿ. ಕೆಲವರಿಗೆ ವಾರಗಳೇ ಬೇಕು. ಕನ್ನಡಕ ಹಾಕಿಸಿ, ಹಗಲು ಕಿಟಕಿ ತೆಗೆದಿಡಿ, ರಾತ್ರಿ ಗುರುತಿನ ಒಬ್ಬರು ಪಕ್ಕದಲ್ಲಿರಿ. ತಮ್ಮನನ್ನು ಕರೆದರೆ ವಾದ ಮಾಡಬೇಡಿ, ಕೈ ಹಿಡಿದು ನಿಮ್ಮ ಹೆಸರು ಹೇಳಿ.

ಗದಗದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಜಿಮ್ಸ್‌ಗೆ ಹೋದರೂ ಸರಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋದರೂ ಸರಿ. "ವಯಸ್ಸಾಗಿದೆ" ಅಂತ ಮಾತು ಶುರು ಮಾಡಬೇಡಿ. "ಎರಡು ದಿನದ ಹಿಂದೆ ಚೆನ್ನಾಗಿದ್ದರು" ಅಂತ ಮೊದಲು ಹೇಳಿ.