ಫ್ಲವರ್‌ಹಾರ್ನ್ ಮೀನು ಎರಡು ದಿನದಿಂದ ಕಾಳು ಮುಟ್ಟಿಲ್ಲ, ಬಿಳಿ ದಾರದಂತಹ ಮಲ ಬರುತ್ತಿದೆ. ವಿಜಯಪುರದಲ್ಲಿ ನೂರು ಲೀಟರಿನ ತೊಟ್ಟಿ, ಕೊಳವೆಬಾವಿ ನೀರು. ಅಂಗಡಿಯವರು ಕೊಟ್ಟ ನೀಲಿ ಔಷಧಿ ಎಷ್ಟು ಹನಿ ಹಾಕಲಿ? ಉಪ್ಪು ಹಾಕಬಹುದೇ?

ಸದ್ಯಕ್ಕೆ ಒಂದು ಹನಿಯೂ ಬೇಡ. ಬಾಟಲಿಯ ಮುಚ್ಚಳ ತೆಗೆದಿದ್ದರೆ ಮುಚ್ಚಿ ಬದಿಗಿಡಿ. ವಿಜಯಪುರದ ಬಿಸಿಲು, ನೂರು ಲೀಟರಿನ ತೊಟ್ಟಿ, ಮೂಲೆ ಹಿಡಿದ ಮೀನು, ಔಷಧಿ ಕೊಟ್ಟು ಕಳಿಸಿದ ಅಂಗಡಿಯವರು. ನಿಮ್ಮ ಪ್ರಶ್ನೆಯಲ್ಲಿ ಊರಿನ ಹೆಸರೊಂದನ್ನು ಬದಲಿಸಿದರೆ ಅದು ನನ್ನದೇ ಹಳೆಯ ಕಥೆ. ನಾನು ಬಾಗಲಕೋಟೆಯ ನವನಗರದವನು.

ನಮ್ಮ ಬಟ್ಟೆ ಅಂಗಡಿಗೆ ಫ್ಲವರ್‌ಹಾರ್ನ್ ಬಂದದ್ದು ಕಾಕಾ ಅವರ ಹಟದಿಂದ. ತಲೆಯ ಮೇಲಿನ ಗುಬುಟು ಬೆಳೆದಷ್ಟೂ ವ್ಯಾಪಾರ ಬೆಳೆಯುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. 1990ರ ದಶಕದಲ್ಲಿ ಮಲೇಷ್ಯಾದವರು ಸಿಕ್ಲಿಡ್ ಎಂಬ ಕುಟುಂಬದ ಬೇರೆ ಬೇರೆ ಮೀನುಗಳನ್ನು ಕೂಡಿಸಿ ಮಾಡಿದ ಮಿಶ್ರತಳಿ ಇದು. ನಮ್ಮ ವಾಸ್ತುವಿನೊಳಗೆ ಅದು ಹೇಗೆ ನುಸುಳಿತೋ ದೇವರೇ ಬಲ್ಲ. ಆದರೂ ಶಟರ್ ಎತ್ತಿದ ಕೂಡಲೇ ಗಾಜಿಗೆ ಮೂತಿ ಒತ್ತಿ ನಿಲ್ಲುತ್ತಿದ್ದ, ಬೆರಳು ಹೋದತ್ತ ತಿರುಗುತ್ತಿದ್ದ ಆ ಮೀನಿಗೆ ನಮ್ಮಲ್ಲಿ ಗಿರಾಕಿಗಳಿಗಿಂತ ಹೆಚ್ಚು ಮರ್ಯಾದೆ ಇತ್ತು. ಮೀನು ಮಾಂಸದ ವಾಸನೆಯನ್ನೇ ಸಹಿಸದ ಕಾಕಾ, ಗುಬುಟು ಬೆಳೆಯಲಿ ಎಂದು ಮೂಗಿಗೆ ಟವೆಲ್ ಹಿಡಿದು ಒಣ ಸೀಗಡಿ ಹಾಕುತ್ತಿದ್ದರು. ಅವರು ಹಾಕಿದ್ದು ಗೊತ್ತಿದ್ದರೂ ನಾನು ಇನ್ನೊಂದಿಷ್ಟು ಹಾಕುತ್ತಿದ್ದೆ.

ಏಪ್ರಿಲ್‌ನ ಬಿಸಿಲಿನಲ್ಲಿ ಅದು ಆಹಾರ ಬಿಟ್ಟಿತು. ಮೈ ಕಪ್ಪಾಯಿತು, ರೆಕ್ಕೆ ಮುದುರಿತು, ಫಿಲ್ಟರ್‌ನ ಹಿಂದೆ ಸೇರಿಕೊಂಡಿತು. ನೀವು ಬರೆದ ಬಿಳಿ ದಾರವೂ ಕಾಣಿಸಿತು. ಮೊಬೈಲ್‌ನಲ್ಲಿ ಚಿತ್ರ ತೆಗೆದು ಮೀನಿನ ಅಂಗಡಿಯವರಿಗೆ ತೋರಿಸಿದೆ. ಅವರು ನೀಲಿ ಬಾಟಲಿ ಕೊಟ್ಟು, "ತೊಟ್ಟಿ ಪೂರ್ತಿ ತೊಳೆದು ಆಮೇಲೆ ಇದನ್ನು ಹಾಕಿ" ಎಂದರು.

ತೊಳೆಯುವುದರಲ್ಲಿ ನಾನು ಏನೂ ಕಡಿಮೆ ಮಾಡಲಿಲ್ಲ. ಹಳೆಯ ನೀರನ್ನೆಲ್ಲ ಚೆಲ್ಲಿದೆ. ಫಿಲ್ಟರ್‌ನ ಸ್ಪಂಜನ್ನು ನಳದ ಕೆಳಗೆ ಹಿಡಿದು, ಕಂದು ನೀರು ನಿಲ್ಲುವವರೆಗೆ ಹಿಂಡಿದೆ. ಸೆರಾಮಿಕ್ ಉಂಗುರಗಳನ್ನು ಬ್ರಷ್ ಹಾಕಿ ಉಜ್ಜಿದೆ. ಅಲ್ಲಿಗೆ ನಿಲ್ಲಿಸಿದ್ದರೂ ಅಲ್ಪಸ್ವಲ್ಪ ಉಳಿಯುತ್ತಿತ್ತೇನೋ. ಆದರೆ ನಮ್ಮ ಕಡೆ ಬಿಸಿಲು ಕಂಡದ್ದೇ ಶುದ್ಧ. ಸಂಡಿಗೆಯಿಂದ ಹಾಸಿಗೆಯವರೆಗೆ ಎಲ್ಲವೂ ಮಾಳಿಗೆ ಏರುತ್ತದೆ. ಸ್ಪಂಜನ್ನೂ ಉಂಗುರಗಳನ್ನೂ ಮಾಳಿಗೆಯ ಮೇಲೆ ಹರಡಿ ಸಂಜೆಯವರೆಗೆ ಗರಿಗರಿಯಾಗಿ ಒಣಗಿಸಿದೆ.

ಈ ತಪ್ಪನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಮಾಡುವಾಗ ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಮನುಷ್ಯನಿಗೆ ಅನಿಸುತ್ತದೆ. ಮೀನು ತನ್ನ ಕಿವಿರಿನ ಮೂಲಕವೇ ಹೆಚ್ಚಿನ ಅಮೋನಿಯಾವನ್ನು ಹೊರಹಾಕುತ್ತದೆ. ಅದು ವಿಷ. ಉಳಿದ ಕಾಳು, ಮಲ ಕೊಳೆತರೂ ಬರುವುದು ಅದೇ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ; ಇದು ಅಷ್ಟು ಅಪಾಯಕಾರಿಯಲ್ಲ, ನೀರು ಬದಲಿಸಿದಾಗ ಹೊರಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಬಹುಪಾಲು ನೀರಿನಲ್ಲಿ ತೇಲಾಡುವುದಿಲ್ಲ. ಸ್ಪಂಜು, ಉಂಗುರ, ಕಲ್ಲುಗಳ ಮೈಗೆ ಅಂಟಿಕೊಂಡು ಬದುಕುತ್ತವೆ. ನಾನು ಹಿಂಡಿ ಹೊರಹಾಕಿದ ಕಂದು ಕೊಳೆಯಲ್ಲಿ ಅವು ಇದ್ದವು. ನಳದ ನೀರಿನ ಕ್ಲೋರಿನ್‌ಗೆ ಕೆಲವು ಸತ್ತವು, ಉಳಿದವನ್ನು ಮಾಳಿಗೆಯ ಬಿಸಿಲು ಮುಗಿಸಿತು. ಹೊಸದಾಗಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಫಿಲ್ಟರ್ ಓಡುತ್ತದೆ, ನೀರು ಗಾಜಿನಷ್ಟೇ ತಿಳಿಯಾಗಿರುತ್ತದೆ, ಒಳಗೆ ವಿಷ ಮಾತ್ರ ಏರುತ್ತಲೇ ಇರುತ್ತದೆ.

ಮೇಲಿಂದ ನೀಲಿ ಔಷಧಿ. ಆ ಬಾಟಲಿಯಲ್ಲಿದ್ದದ್ದು ಮೆಥಿಲೀನ್ ಬ್ಲೂ. ಮೊಟ್ಟೆಗೆ ಬೂಸಲು ಹಿಡಿಯದಂತೆ ಮಾಡಲು ಒಳ್ಳೆಯದೇ. ಆದರೆ ಇದೇ ಬ್ಯಾಕ್ಟೀರಿಯಾಗಳನ್ನು ಅದೂ ಕೊಲ್ಲುತ್ತದೆ.

ಆಮೇಲೆ ಮೀನು ಮೇಲ್ಭಾಗಕ್ಕೆ ಬಂದು ಬಾಯಿ ಬಡಿಯತೊಡಗಿತು, ಕಿವಿರು ಕೆಂಪಾಯಿತು, ಮೈ ಇನ್ನೂ ಕಪ್ಪಾಯಿತು. ನಾನು ಏನೆಂದುಕೊಂಡೆ? ರೋಗ ಜೋರಾಗಿದೆ, ಔಷಧಿ ಸಾಲಲಿಲ್ಲ. ಮತ್ತೆ ಹನಿ ಹಾಕಿದೆ. ನನ್ನ ತಪ್ಪು ಹುಟ್ಟಿಸಿದ ಲಕ್ಷಣಗಳೇ ನನ್ನ ಅನುಮಾನಕ್ಕೆ ಸಾಕ್ಷಿ ಹೇಳುತ್ತಿದ್ದವು. ವಾರ ತುಂಬುವ ಮೊದಲೇ ಮೀನು ಸತ್ತಿತು.

ಕಾಕಾ ಸಮಾಧಾನ ಹೇಳಿದರು: "ಅಂಗಡಿಗೆ ಬರುವ ಪೀಡೆಯನ್ನು ಅದು ತನ್ನ ಮೇಲೆ ಹೊತ್ತುಕೊಂಡು ಹೋಯಿತು, ಬಿಡು." ಈ ಮಾತನ್ನು ನೀವೂ ಕೇಳುವಿರಿ. ಹೇಳುವವರ ಮನಸ್ಸು ಒಳ್ಳೆಯದೇ ಇರುತ್ತದೆ, ನನಗೆ ಮಾತ್ರ ಈ ನಂಬಿಕೆಯ ಮೇಲೆ ಸಿಟ್ಟಿದೆ. ನಮ್ಮ ಕಡೆ ಎಷ್ಟೋ ತೊಟ್ಟಿಗಳಲ್ಲಿ ಮೀನು ಸಾಯುತ್ತದೆ, ಮರುವಾರ ಇನ್ನೊಂದು ಬರುತ್ತದೆ, ಯಾಕೆ ಸತ್ತಿತು ಎಂದು ಯಾರೂ ಕೇಳುವುದಿಲ್ಲ. ಪೀಡೆಯ ಲೆಕ್ಕಕ್ಕೆ ಬರೆದರೆ ಮುಗಿಯಿತು.

ಹಾಗಾಗಿ ಯಾವ ಔಷಧಿ, ಎಷ್ಟು ಹನಿ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಮೀನಿಗೆ ರೋಗ ಇದೆ ಎಂದು ಇನ್ನೂ ಗೊತ್ತಾಗಿಲ್ಲ. ಬಿಳಿ ದಾರದ ಮಲ ನೋಡಿ ಹೆದರಿದ್ದೀರಿ. ಎರಡು ದಿನ ಏನೂ ತಿನ್ನದ ಮೀನಿನ ಖಾಲಿ ಕರುಳಿನಿಂದ ಲೋಳೆ ಹೊರಬಂದರೂ ಹಾಗೆಯೇ ಕಾಣುತ್ತದೆ. ಬೆಳೆದ, ಮೈ ತುಂಬಿದ ಸಿಕ್ಲಿಡ್ ಒಂದು ವಾರ ಉಪವಾಸವಿದ್ದರೂ ಏನೂ ಆಗುವುದಿಲ್ಲ. ಅದರಲ್ಲೂ ಇವು ಮುನಿಸಿನ ಜಾತಿ. ಕಲ್ಲು ಸರಿಸಿದರೆ ಮುನಿಸು, ಜಾಗ ಬದಲಿಸಿದರೆ ಮುನಿಸು. ಆಸ್ಕರ್ ಎಂಬ ಇನ್ನೊಂದು ಸಿಕ್ಲಿಡ್ ಅಂತೂ ಹೊಸ ತೊಟ್ಟಿಗೆ ಬಿಟ್ಟಾಗ ಅಡ್ಡ ಮಲಗಿ ಸತ್ತಂತೆ ಬಿದ್ದಿರುತ್ತದೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಸಾಕಿದ ಗೆಳೆಯನೊಬ್ಬ, ಗಂಟಲು ಊದಿ ಆಹಾರ ಬಿಟ್ಟ ಮೀನಿಗೆ ಔಷಧಿ ಹುಡುಕುತ್ತಿದ್ದ. ಅದು ಬಾಯಲ್ಲಿ ಮೊಟ್ಟೆ ಇಟ್ಟುಕೊಂಡ ತಾಯಿ ಮೀನು! ಮೂರು ವಾರ ಅದು ತಿನ್ನದಿರುವುದೇ ಸಹಜ.

ಇವತ್ತು ಮಾಡಬೇಕಾದದ್ದು ಇಷ್ಟು. ಹನಿ ಹಾಕಿ ಬಣ್ಣ ನೋಡುವ ಅಮೋನಿಯಾ, ನೈಟ್ರೈಟ್, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಪರೀಕ್ಷೆಯ ಕಿಟ್ ತನ್ನಿ. ಆ ನೀಲಿ ಬಾಟಲಿಗಿಂತ ದುಬಾರಿ, ಆದರೂ ತನ್ನಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನಮ್ಮ ಜಿಲ್ಲೆಗಳಲ್ಲಿ ಹೀಗೆ ಅಳೆಯಲು ಇನ್ನೊಂದು ಕಾರಣವಿದೆ. ಬಾಗಲಕೋಟೆಯದು ಸುಣ್ಣಕಲ್ಲಿನ ನೆಲ. ನಿಮ್ಮದೂ ಕೊಳವೆಬಾವಿ ನೀರೆಂದು ಬರೆದಿದ್ದೀರಿ. ಬಿಂದಿಗೆಗೆ ಬಿಳಿ ಪರೆ ಕಟ್ಟಿಸುವ ಗಡಸು ನೀರಿನಲ್ಲಿ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು. ಪಿಎಚ್ 7, ಉಷ್ಣತೆ 25 ಡಿಗ್ರಿ ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ 0.6ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇ 5ನ್ನು ದಾಟುತ್ತದೆ, ನೀರು 30 ಡಿಗ್ರಿಗೆ ಕಾದರೆ ಶೇ 7ನ್ನೂ ದಾಟುತ್ತದೆ. ಕಿಟ್‌ನಲ್ಲಿ ಅದೇ ಬಣ್ಣ ಬಂದರೂ ಮೆದು ನೀರಿನ ಊರಿನವರಿಗಿಂತ ನಾವು ಹತ್ತು ಪಟ್ಟು ಹೆಚ್ಚು ಎಚ್ಚರದಿಂದಿರಬೇಕು. ಹಾಗೆಂದು ಪಿಎಚ್ ಇಳಿಸುವ ದ್ರವ ತರಬೇಡಿ. ಗಡಸು ನೀರು ಅದನ್ನು ಮತ್ತೆ ಮೇಲೆಳೆಯುತ್ತದೆ, ಆ ಏರಿಳಿತವೇ ಮೀನನ್ನು ಕೊಲ್ಲುತ್ತದೆ.

ಅಳೆದ ಮೇಲೆ ಮೂರನೇ ಒಂದು ಭಾಗ ನೀರು ಬದಲಿಸಿ. ಬೆಳಿಗ್ಗೆಯೇ ಮಾಡಿ, ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನಿಂದ ಇಳಿಯುವುದು ಸ್ನಾನದ ನೀರು. ನಗರಸಭೆಯ ನೀರಾದರೆ ಕ್ಲೋರಿನ್ ತೆಗೆಯುವ ದ್ರವ ಹಾಕಿ, ಇಲ್ಲವೇ ಬಕೆಟ್‌ನಲ್ಲಿ ಗಾಳಿಯ ಪಂಪ್ ಬಿಟ್ಟು ಒಂದು ದಿನ ಇಡಿ. ಫಿಲ್ಟರ್ ಮುಟ್ಟಲೇಬೇಡಿ. ತೀರಾ ಕಟ್ಟಿಕೊಂಡಿದ್ದರೆ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಸ್ಪಂಜನ್ನು ಎರಡು ಸಲ ಅದ್ದಿ ತೆಗೆದರೆ ಸಾಕು. ಕಾಳು ಹಾಕಬೇಡಿ. ಗಾಳಿಯ ಗುಳ್ಳೆ ಹೆಚ್ಚಿಸಿ: 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯದು ಹಿಡಿಯುವುದು ಏಳೂವರೆ ಮಾತ್ರ. ಮಧ್ಯಾಹ್ನ ಕರೆಂಟು ಹೋದಾಗ ಮೀನು ಮೇಲೆ ಬಂದು ಬಾಯಿ ಬಡಿಯುವುದು ಇದಕ್ಕೇ.

ನಿಜವಾದ ರೋಗ ಇರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೈಮೇಲೆ ರವೆ ಎರಚಿದಂತೆ ಕಂಡರೆ ಅದು ಬಿಳಿ ಚುಕ್ಕೆ ರೋಗ. ಚರ್ಮದೊಳಗಿರುವಾಗ ಆ ಪರಾವಲಂಬಿಗೆ ಔಷಧಿ ತಗಲುವುದಿಲ್ಲ, ಉದುರಿ ಮರಿ ಮಾಡಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಚುಕ್ಕೆ ಹೋದ ಮರುದಿನವೇ ಔಷಧಿ ನಿಲ್ಲಿಸಿದವರಿಗೆ ಅದು ತಿರುಗಿ ಬರುತ್ತದೆ. ಹುರುಪೆ ಕೆದರಿ ನಿಂತು ಹೊಟ್ಟೆ ಊದಿದ್ದರೆ ಒಳಗಿನ ಅಂಗ ಕೆಟ್ಟಿದೆ, ಬದುಕುವುದು ಕಡಿಮೆ. ರೆಕ್ಕೆ ಹರಿದಿದ್ದರೆ ಕೊಳೆರೋಗ ಎನ್ನುವ ಮೊದಲು ಪಕ್ಕದ ಮೀನಿನ ನಡತೆ ನೋಡಿ.

ನಿಮ್ಮ ಫ್ಲವರ್‌ಹಾರ್ನ್‌ಗೆ ನಾನು ಹೆದರುವುದಿದ್ದರೆ ಒಂದಕ್ಕೇ. ನೀರಿನ ಅಳತೆ ಸರಿ ಇದ್ದೂ ವಾರ ಕಳೆದರೂ ತಿನ್ನದೆ, ಬಿಳಿ ದಾರ ನಿಲ್ಲದೆ, ತಲೆಯ ಮೇಲೆ ಸಣ್ಣ ಗುಳಿಗಳು ಬಿದ್ದರೆ ಕರುಳಿನ ಪರಾವಲಂಬಿಯನ್ನು ಅನುಮಾನಿಸಬಹುದು. ಅದಕ್ಕೆ ಬಳಸುವುದು ಮೆಟ್ರೋನಿಡಜೋಲ್, ನೀಲಿ ಔಷಧಿಯಲ್ಲ. ಸಿಹಿನೀರಿನ ಮೀನು ನೀರು ಕುಡಿಯುವುದೇ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಇನ್ನೂ ತಿನ್ನುವ ಮೀನಿಗೆ ಕಾಳಿಗೆ ಬೆರೆಸಿ ಕೊಟ್ಟರೆ ಹೆಚ್ಚು ಉಪಯೋಗ. ಪ್ರಮಾಣವನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ. ಚಿಕಿತ್ಸೆಯನ್ನು ಬೇರೆ ಟಬ್‌ನಲ್ಲಿ ಮಾಡಿ, ಮುಖ್ಯ ತೊಟ್ಟಿಯ ಫಿಲ್ಟರ್‌ಗೆ ಔಷಧಿ ಸೋಕುವುದು ಬೇಡ.

ಉಪ್ಪು ಹಾಕಬಹುದು. ಕಿಟ್‌ನಲ್ಲಿ ನೈಟ್ರೈಟ್ ಕಂಡರಂತೂ ಹಾಕಲೇಬೇಕು. ಉಪ್ಪಿನ ಕ್ಲೋರೈಡ್ ನೈಟ್ರೈಟ್ ಕಿವಿರಿನೊಳಗೆ ಹೋಗುವುದನ್ನು ತಡೆಯುತ್ತದೆ. ಹರಳುಪ್ಪು, ಲೀಟರಿಗೆ ಒಂದು ಗ್ರಾಂ, ಅಂದರೆ ನಿಮ್ಮ ತೊಟ್ಟಿಗೆ ನೂರು ಗ್ರಾಂ. ಚೊಂಬಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ನೀರು ಆವಿಯಾಗಿ ಇಳಿದಾಗ ಬರಿಯ ನೀರನ್ನೇ ತುಂಬಿಸಿ, ಉಪ್ಪು ಒಳಗೇ ಇರುತ್ತದೆ. ನೀರು ತೆಗೆದು ಬದಲಿಸಿದಾಗ ಮಾತ್ರ ತೆಗೆದ ಲೀಟರಿನ ಲೆಕ್ಕಕ್ಕೆ ಮತ್ತೆ ಹಾಕಿ. ಕಿಟ್‌ನ ಅಂಕಿಗಳು ಬಂದ ಮೇಲೆ ಇಲ್ಲೇ ಬರೆಯಿರಿ, ಫಿಲ್ಟರ್ ಕೊನೆಯ ಸಲ ಯಾವಾಗ, ಯಾವ ನೀರಿನಲ್ಲಿ ತೊಳೆದಿರಿ ಎಂಬುದನ್ನೂ ಸೇರಿಸಿ.